ಮುನಿಲಕ್ಷ್ಮಮ್ಮನ ವಿಮಾನವೂ ಇಟ್ಟಮಡುವಿನ ಗಂಟೂ

ವಿಮಾನದ ವಿಷಯ ಬಂದರೆ ನಮ್ಮ ಸುದ್ದಗುಂಟೆಪಾಳ್ಯದಲ್ಲಿ ಗಂಗಯ್ಯನ ಮಾತೇ ಕೊನೆಯ ಮಾತು. ಮೊದಲನೆಯ ಮಾತೂ ಅವನದೇ, ನಡುವೆ ಬೇರೆಯವರಿಗೆ ಜಾಗ ಇರುತ್ತಿರಲಿಲ್ಲ ಎನ್ನುವುದು ಬೇರೆ ವಿಚಾರ. ಉದ್ಯೋಗ ನೋಡಿದರೆ ಜಯನಗರದ ಒಂದು ಸಹಕಾರ ಸಂಘದಲ್ಲಿ ಸಕ್ಕರೆ, ಸೀಮೆಎಣ್ಣೆಗೆ ಚೀಟಿ ಬರೆಯುವ ಗುಮಾಸ್ತಗಿರಿ. ಆದರೆ ಆಕಾಶದಲ್ಲಿ ಸದ್ದಾಯಿತೋ, ಕ್ಯೂನಲ್ಲಿ ನಿಂತವರನ್ನು ನಿಂತ ಹಾಗೆಯೇ ಬಿಟ್ಟು, ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಬೀದಿಗೆ ಬಂದುಬಿಡುತ್ತಿದ್ದ. ಕತ್ತೆತ್ತಿ ನೋಡಿ, "ಆವ್ರೋ. ಹೈದರಾಬಾದಿಂದು. ಎಂಟು ನಿಮಿಷ ಲೇಟು" ಎಂದು ಘೋಷಿಸಿ, ಒಳಗೆ ಹೋಗಿ ಉಳಿದ ಚೀಟಿ ಬರೆಯುತ್ತಿದ್ದ. ಸಕ್ಕರೆಗೆ ಬಂದವರು ಸಕ್ಕರೆ ಸಿಗದಿದ್ದರೂ ಇಷ್ಟನ್ನಂತೂ ತಿಳಿದುಕೊಂಡು ಹೋಗುತ್ತಿದ್ದರು.

ನನ್ನ ಸೈಕಲ್ ಶಾಪು ಅವನ ಮನೆಯ ಎದುರಿಗೇ ಇದ್ದುದರಿಂದ ಈ ಜ್ಞಾನ ನನಗೆ ಬೇಡವೆಂದರೂ ದಿನವೂ ಬರುತ್ತಿತ್ತು. ಬೋಯಿಂಗಿಗೆ ಎಂಜಿನ್ನು ರೆಕ್ಕೆಯ ಕೆಳಗೆ, ಕ್ಯಾರವೆಲ್ಲಿಗೆ ಬಾಲದ ಪಕ್ಕ, ಫೋಕರಿಗೆ ರೆಕ್ಕೆ ಹೊಟ್ಟೆಯ ಮೇಲೆ, ಆವ್ರೋಗೆ ಹೊಟ್ಟೆಯ ಕೆಳಗೆ, ಇವೆಲ್ಲ ಪಂಕ್ಚರ್ ಹಾಕುತ್ತಾ ಹಾಕುತ್ತಾ ನನಗೆ ಬಾಯಿಪಾಠವಾಗಿದ್ದವು. ಭಾನುವಾರ ಬಂತೆಂದರೆ ನನ್ನ ಅಂಗಡಿಯ ಬಾಡಿಗೆ ಸೈಕಲ್ ಹತ್ತಿ, ವಿಮಾನ ನಿಲ್ದಾಣದ ಬೇಲಿಯ ಹತ್ತಿರ ಹೋಗಿ ಹುಲ್ಲಿನ ಮೇಲೆ ಮಲಗಿ, ಬಂದು ಹೋಗುವ ವಿಮಾನಗಳ ಮೈಮೇಲಿನ ಅಕ್ಷರಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದ. ಬಾಂಗ್ಲಾ ಯುದ್ಧದ ಸಮಯದಲ್ಲಿ ಪೊಲೀಸಿನವರು ಗೂಢಚಾರನೆಂದು ಹಿಡಿದುಕೊಂಡು ಹೋದರು. ಈ ಅಕ್ಷರಗಳೆಲ್ಲ ಯಾಕೆ ಎಂದು ಇನ್‌ಸ್ಪೆಕ್ಟರು ಕೇಳಿದರಂತೆ, ಗಂಗಯ್ಯ ಹೇಳಲು ಶುರು ಮಾಡಿದನಂತೆ. ಎರಡು ಗಂಟೆ ಕಳೆದ ಮೇಲೆ ಇನ್‌ಸ್ಪೆಕ್ಟರೇ ಒಬ್ಬ ಕಾನ್‌ಸ್ಟೇಬಲ್‌ನನ್ನು ಜೊತೆ ಮಾಡಿ ಮನೆಗೆ ಕಳಿಸಿಕೊಟ್ಟರು.

ಇಷ್ಟೆಲ್ಲ ತಿಳಿದ ಗಂಗಯ್ಯ ವಿಮಾನದೊಳಗೆ ಒಂದು ಕಾಲನ್ನೂ ಇಟ್ಟವನಲ್ಲ. ಇದು ನನಗೆ ಗೊತ್ತು, ಅವನ ಹೆಂಡತಿ ಗೋವಿಂದಮ್ಮನಿಗೆ ಗೊತ್ತು. ಊರಿಗೆ ಗೊತ್ತಿರಲಿಲ್ಲ. ಈ ಕತೆಗೆ ಐದು ವರ್ಷ ಮೊದಲು ಸಂಘದ ಕೆಲಸಕ್ಕೆಂದು ಮದರಾಸಿಗೆ ಹೋದವನು, ಕೆಲಸ ಮುಗಿಸಿ, ಅಲ್ಲಿಯ ವಿಮಾನ ನಿಲ್ದಾಣದ ಗ್ಯಾಲರಿಯಲ್ಲಿ ಒಂದಿಡೀ ದಿನ ನಿಂತಿದ್ದು, ರೈಲಿನಲ್ಲಿ ವಾಪಸ್ಸಾದ. ಬರುವಾಗ ಯಾರೋ ಪ್ರಯಾಣಿಕರು ಬಿಸಾಡಿದ್ದ ವಿಮಾನದ ಲಗೇಜ್ ಚೀಟಿಯನ್ನು ತನ್ನ ಚೀಲಕ್ಕೆ ಕಟ್ಟಿಕೊಂಡಿದ್ದ. ಬೀದಿಯ ತುದಿಯಲ್ಲೇ ಅದನ್ನು ನೋಡಿದ, ಮನೆಮನೆಗೆ ಹಾಲು ಹಾಕುವ ಮುನಿಲಕ್ಷ್ಮಮ್ಮ, "ಏನಪ್ಪ, ಏರೋಪ್ಲೇನಲ್ಲಿ ಬಂದ್ಯಾ?" ಎಂದು ಕೇಳಿದರು. ಗಂಗಯ್ಯ ಹೌದೆನ್ನಲಿಲ್ಲವಂತೆ, ಸುಮ್ಮನೆ ನಕ್ಕನಂತೆ. ಸಂಜೆಯ ಹೊತ್ತಿಗೆ ಊರು ಅವನನ್ನು ವಿಮಾನ ಹತ್ತಿಸಿಯಾಗಿತ್ತು. ಆಮೇಲೆ ಇಳಿಯುವುದು ಅವನಿಂದಾಗಲಿಲ್ಲ.

ಎಪ್ಪತ್ತನಾಲ್ಕನೆಯ ಇಸವಿಯ ಮೇ ತಿಂಗಳಲ್ಲಿ ರೈಲ್ವೆ ಮುಷ್ಕರ ಬಂತು. ದೇಶದ ರೈಲುಗಳೆಲ್ಲ ನಿಂತವು. ಅದರಿಂದ ದೇಶಕ್ಕೆ ಏನೇನಾಯಿತೋ ಪತ್ರಿಕೆಯವರು ಬರೆದಿದ್ದಾರೆ, ನಮ್ಮ ಬೀದಿಗೆ ಆದದ್ದನ್ನು ನಾನು ಹೇಳುತ್ತೇನೆ.

ಮುನಿಲಕ್ಷ್ಮಮ್ಮ ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು, ಮನೆಮನೆಗೆ ಹಾಲು ಹಾಕಿ, ಒಬ್ಬಳೇ ಮಗಳು ಚೂಡಾಮಣಿಯನ್ನು ಓದಿಸಿ ಬೊಂಬಾಯಿಗೆ ಮದುವೆ ಮಾಡಿಕೊಟ್ಟಿದ್ದರು. ಮಗಳು ಈಗ ತುಂಬು ಗರ್ಭಿಣಿ, ಚೊಚ್ಚಲು. ಏಳನೆಯ ತಿಂಗಳಿಗೇ ತವರಿಗೆ ಕರೆತರಬೇಕಿತ್ತು. ಅಳಿಯನಿಗೆ ರಜ ಸಿಗದೆ ಒಂಬತ್ತಕ್ಕೆ ಬಿತ್ತು, ಒಂಬತ್ತಕ್ಕೆ ರೈಲು ನಿಂತುಹೋಯಿತು. ಇನ್ನು ಈಕೆ ಎಲ್ಲಿಗೂ ಅಲುಗಬಾರದು ಎಂದು ಅಲ್ಲಿಯ ಡಾಕ್ಟರು ಹೇಳಿಬಿಟ್ಟರು. ಅತ್ತೆಯಿಲ್ಲದ ಮನೆ, ಅಳಿಯ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಕೊನೆಗೆ ಅಳಿಯ ತನ್ನ ಕಂಪನಿಯವರ ಕೈಲಿ ಅತ್ತೆಗೆ ಒಂದು ವಿಮಾನದ ಟಿಕೆಟ್ಟು ತಲುಪಿಸಿದ. ಜೊತೆಗೆ ಮಗಳ ಕಾಗದ. ಅದನ್ನು ನಾನೇ ಓದಿ ಹೇಳಿದೆ. ಉದ್ದಕ್ಕೂ ಕ್ಷೇಮ, ಆರೋಗ್ಯ ಎಂದೆಲ್ಲ ಬರೆದು ಕೊನೆಯಲ್ಲಿ, "ಅವ್ವಾ, ನಂಗೆ ಭಯ ಆಗ್ತಿದೆ, ನೀನು ಬಾ" ಎಂದಿತ್ತು. ಅದೊಂದು ಸಾಲನ್ನು ಮುನಿಲಕ್ಷ್ಮಮ್ಮ ನನ್ನಿಂದ ಮೂರು ಸಲ ಓದಿಸಿಕೊಂಡರು.

ಟಿಕೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೇರ ಗಂಗಯ್ಯನ ಮನೆಗೆ ಹೋದರು. ನಾನೂ ಹಿಂದೆಯೇ ಹೋದೆ.

"ಬಸ್ಸಲ್ಲಿ ಕೂತ್ರೇ ತಲೆ ಸುತ್ತುತ್ತೆ ಕಣಪ್ಪ ನಂಗೆ. ಇದ್ನ ಹತ್ತೋಕೆ ಧೈರ್ಯ ಇಲ್ಲ. ಈ ಊರಲ್ಲಿ ಹತ್ತಿರೋನು ನೀನೊಬ್ನೇ. ನೀನು ಹೋಗು ಅಂದ್ರೆ ಹೋಗ್ತೀನಿ, ಬೇಡ ಅಂದ್ರೆ ಇಲ್ಲೇ ದೇವ್ರಿಗೆ ಕೈ ಮುಗ್ದು ಕೂತಿರ್ತೀನಿ."

ಗೋವಿಂದಮ್ಮ ಒಲೆಯ ಮುಂದಿನಿಂದ ಗಂಡನ ಮುಖ ನೋಡಿದಳು. ನಾನೂ ನೋಡಿದೆ. ಗಂಗಯ್ಯ ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, "ಬೋಯಿಂಗು ಮುನಿಲಕ್ಷ್ಮಕ್ಕ, ಬಂಗಾರದಂಥದ್ದು. ಕಣ್ಣು ಮುಚ್ಕೊಂಡು ಹೋಗಿ" ಎಂದ. ಕಣ್ಣು ಬಿಟ್ಟುಕೊಂಡು ಹೋಗುವುದು ಹೇಗೆ ಎಂದು ಅವರು ಕೇಳಿದ್ದು ಮಾರನೆಯ ದಿನದಿಂದ.

ಅವರ ಪ್ರಶ್ನೆಗಳೆಲ್ಲ ವಿಮಾನದ ಒಳಗಿನವು, ಗಂಗಯ್ಯನ ವಿದ್ಯೆಯೆಲ್ಲ ಹೊರಗಿನದು. ರೆಕ್ಕೆಯ ಉದ್ದ ಎಷ್ಟಡಿ ಎಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದ. ಎಲೆ ಅಡಿಕೆ ಹಾಕಿಕೊಂಡರೆ ಉಗುಳುವುದೆಲ್ಲಿ ಎಂದರೆ ಏನು ಹೇಳಬೇಕು? ಬೆವರು ಒರೆಸಿಕೊಳ್ಳುತ್ತಾ, ನಮ್ಮ ಸಿಟಿ ಬಸ್ಸನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಕೊಟ್ಟ. ಹೆಂಗಸರ ಸೀಟು ಮುಂದುಗಡೆ ಇರುತ್ತದೆ ಎಂದ. ಸೊಂಟಕ್ಕೆ ಒಂದು ಪಟ್ಟಿ ಕೊಡುತ್ತಾರೆ, ಅದನ್ನು ಗಟ್ಟಿಯಾಗಿ ಗಂಟು ಹಾಕಿಕೊಳ್ಳಬೇಕು ಎಂದ. ಒಂದೂವರೆ ಗಂಟೆಯ ದಾರಿಯಾದ್ದರಿಂದ ಕಕ್ಕಸು ಇಟ್ಟಿರುವುದಿಲ್ಲ, ಬೆಳಿಗ್ಗೆಯಿಂದ ನೀರು ಕುಡಿಯಬೇಡಿ ಎಂದೂ ಹೇಳಿದ. ಮುನಿಲಕ್ಷ್ಮಮ್ಮ ಎಲ್ಲಕ್ಕೂ ತಲೆಯಾಡಿಸಿದರು. ಅವರು ನಂಬಿದ ರೀತಿಯನ್ನು ನನಗೇ ನೋಡಲಾಗಲಿಲ್ಲ. ಅವರು ಮನೆಗೆ ಹೊರಟ ಮೇಲೆ ಗಂಗಯ್ಯನನ್ನು ಬೀದಿಯಲ್ಲಿ ನಿಲ್ಲಿಸಿ, ನಿಜ ಹೇಳಿಬಿಡೋ ಎಂದೆ. "ಹೇಳಿದ್ರೆ ಹೋಗಲ್ಲ ಕಣೋ. ಅಲ್ಲಿ ಆ ಹುಡುಗಿ ಕಾಯ್ತಾ ಇದೆ" ಎಂದ. ಮೊದಲ ಸಲ ಅವನ ಬಾಯಿಂದ ವಿಮಾನದ ವಿಷಯದಲ್ಲಿ ಇಷ್ಟು ಚಿಕ್ಕ ಮಾತು ಕೇಳಿದೆ.

ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಟಿಕೆಟ್ಟು ಸಂಜೀವಯ್ಯ ಮೇಷ್ಟ್ರ ಕಣ್ಣಿಗೆ ಬಿತ್ತು. ಮೇಷ್ಟ್ರು ಪೆನ್ಷನ್ ಬಂದ ಮೇಲೆ ಪಂಚಾಂಗ ಹಿಡಿದವರು, ಮತ್ತೆ ಕೆಳಗಿಟ್ಟಿರಲಿಲ್ಲ. ತಾರೀಖು ನೋಡಿ, ಹದಿನೇಳು, ಶುಕ್ರವಾರ ಎಂದು ಬೆರಳು ಮಡಿಸಿ, ಕನ್ನಡಕ ತೆಗೆದರು. ಶುಕ್ರವಾರ ಪಶ್ಚಿಮಕ್ಕೆ ಶೂಲೆ, ಆ ದಿಕ್ಕಿಗೆ ಹೊರಡುವ ಹಾಗೇ ಇಲ್ಲ, ಬೊಂಬಾಯಿ ಇರುವುದೇ ಪಶ್ಚಿಮದಲ್ಲಿ. ಬೇರೆ ದಿನದ ಟಿಕೆಟ್ಟು ತರೋಣವೆಂದರೆ ರೈಲು ನಿಂತಿದ್ದರಿಂದ ತಿಂಗಳ ಕೊನೆಯವರೆಗೆ ಒಂದು ಸೀಟೂ ಖಾಲಿ ಇರಲಿಲ್ಲ.

ಇದಕ್ಕೆ ನಮ್ಮ ಹಿರಿಯರು ಒಂದು ದಾರಿ ಮಾಡಿಟ್ಟಿದ್ದಾರೆ. ಹೊರಡುವ ದಿನ ಸರಿಯಿಲ್ಲದಿದ್ದರೆ, ಸರಿಯಿರುವ ದಿನವೇ ಒಂದು ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊರಟಿತು ಎಂದರೆ ಮನುಷ್ಯರೂ ಹೊರಟ ಹಾಗೆ. ಪ್ರಯಾಣದ ದಿನ ಆ ಗಂಟನ್ನು ಎತ್ತಿಕೊಂಡು ಅಲ್ಲಿಂದಲೇ ಮುಂದಕ್ಕೆ ಹೋಗಬೇಕು, ತಿರುಗಿ ಮನೆಗೆ ಬರಬಾರದು. ಪ್ರಸ್ಥಾನ ಎನ್ನುತ್ತಾರೆ. ಬಸ್ಸಿಗೂ ರೈಲಿಗೂ ನಮ್ಮೂರಿನಿಂದ ಎಷ್ಟೋ ಗಂಟುಗಳು ಹೀಗೆ ಹೊರಟಿದ್ದವು. ವಿಮಾನಕ್ಕೆ ಇದೇ ಮೊದಲು.

ಆದರೆ ಯಾವ ದಿಕ್ಕು? ಬೊಂಬಾಯಿ ಪಶ್ಚಿಮಕ್ಕೆ, ವಿಮಾನ ನಿಲ್ದಾಣ ನಮ್ಮೂರಿಗೆ ಪೂರ್ವಕ್ಕೆ. ವಿಮಾನ ಎದ್ದ ತಕ್ಷಣ ಯಾವ ಕಡೆಗೆ ಹೋಗುತ್ತದೆ ಎಂದು ಮೇಷ್ಟ್ರು ಗಂಗಯ್ಯನನ್ನು ಕೇಳಿದರು. ಇದು ಹೊರಗಿನ ಪ್ರಶ್ನೆಯಾದ್ದರಿಂದ ಗಂಗಯ್ಯನಿಗೆ ಜೀವ ಬಂತು. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಏಳುತ್ತದೆ, ಗಾಳಿ ಪಶ್ಚಿಮದಿಂದ ಬಂದರೆ ಪಶ್ಚಿಮಕ್ಕೆ, ಪೂರ್ವದಿಂದ ಬಂದರೆ ಪೂರ್ವಕ್ಕೆ, ಆಮೇಲೆ ತನ್ನ ದಾರಿಗೆ ತಿರುಗಿಕೊಳ್ಳುತ್ತದೆ ಎಂದು ಕೈಯಾಡಿಸಿ ತೋರಿಸಿದ.

"ಶುಕ್ರವಾರ ಹತ್ತೂ ಮುಕ್ಕಾಲಿಗೆ ಗಾಳಿ ಯಾವ ಕಡೆಯಿಂದ?" ಎಂದರು ಮೇಷ್ಟ್ರು.

"ಶುಕ್ರವಾರ ಹತ್ತೂವರೆಗೆ ಹೇಳ್ತೀನಿ ಮೇಷ್ಟ್ರೇ" ಎಂದ ಗಂಗಯ್ಯ.

ಮೇಷ್ಟ್ರಿಗೆ ಸಿಟ್ಟು ಬಂತು. ಶನಿಯೇ ಎರಡೂವರೆ ವರ್ಷ ಒಂದು ಕಡೆ ಕೂರುತ್ತಾನೆ, ಇವನ ವಿಮಾನಕ್ಕೆ ಗೊತ್ತು ಗುರಿ ಇಲ್ಲವೇ ಎಂದರು. ಅರ್ಧ ದಿನ ವಾದವಾದ ಮೇಲೆ ಗಾಳಿಯನ್ನು ಬಿಟ್ಟು ಬೊಂಬಾಯಿಯನ್ನೇ ಹಿಡಿಯುವುದೆಂದು ತೀರ್ಮಾನವಾಯಿತು. ಸರಿಯಾಗಿ ಪಶ್ಚಿಮಕ್ಕೆ ಇಟ್ಟಮಡುವಿನಲ್ಲಿ ಮುನಿಲಕ್ಷ್ಮಮ್ಮನ ಅಕ್ಕ ಮಾರಮ್ಮನ ಮನೆ ಇತ್ತು. ಗಂಟಿನಲ್ಲಿ ಏನಿಡಬೇಕು? ಯಾವುದಿಲ್ಲದೆ ಪ್ರಯಾಣ ಸಾಗುವುದಿಲ್ಲವೋ ಅದನ್ನೇ ಇಡಬೇಕು ಎಂದರು ಮೇಷ್ಟ್ರು. ಬಸ್ಸಿನವರು ಚೊಂಬು ಇಡುತ್ತಿದ್ದರು. ವಿಮಾನಕ್ಕೆ ಅಂಥದ್ದು ಯಾವುದಪ್ಪಾ ಎಂದು ಗಂಗಯ್ಯನ ಕಡೆ ತಿರುಗಿದರು. ಇಂಥ ಹೊತ್ತಿನಲ್ಲಿ ಗೊತ್ತಿಲ್ಲ ಎಂದಿದ್ದರೆ ಸಾಕಾಗಿತ್ತು. ಆದರೆ ವಿಮಾನದ ವಿಷಯದಲ್ಲಿ ಕೇಳಿದ್ದಕ್ಕೆ ಉತ್ತರ ಕೊಡದೆ ಇರುವುದು ಆ ಪ್ರಾಣಿಯ ಜಾಯಮಾನದಲ್ಲೇ ಇರಲಿಲ್ಲ.

"ಟಿಕೆಟ್ಟು" ಎಂದ.

ಬುಧವಾರ ಬೆಳಿಗ್ಗೆ ಟಿಕೆಟ್ಟು, ಒಂದು ಸೀರೆ, ಒಂದು ಹಿಡಿ ಅಕ್ಕಿ ಬಿಳಿ ಬಟ್ಟೆಯಲ್ಲಿ ಗಂಟಾಗಿ ಇಟ್ಟಮಡುವಿಗೆ ಹೋದವು. ಮುನಿಲಕ್ಷ್ಮಮ್ಮ ಹೊರಟ ಹಾಗಾಯಿತು. ಹೊರಟ ಮೇಲೂ ಎರಡು ದಿನ ನಮ್ಮ ಬೀದಿಯಲ್ಲೇ ಓಡಾಡಿಕೊಂಡಿದ್ದು, ಎಮ್ಮೆಗಳನ್ನು ಗೋವಿಂದಮ್ಮನಿಗೆ ಒಪ್ಪಿಸಿದರು.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಪಿಳ್ಳಣ್ಣನ ಮೂರು ಚಕ್ರದ ಟೆಂಪೋ ಬಂತು. ದಿನವೂ ಮಾರ್ಕೆಟ್ಟಿಗೆ ತರಕಾರಿ ಹೊಡೆಯುವ ಗಾಡಿ, ಅವತ್ತು ಗುಡಿಸಿ ಚಾಪೆ ಹಾಸಿದ್ದ. ಪಿಳ್ಳಣ್ಣನ ಪಕ್ಕ ಮುನಿಲಕ್ಷ್ಮಮ್ಮ, ಹಿಂದೆ ಗಂಗಯ್ಯ, ಗೋವಿಂದಮ್ಮ, ಮೇಷ್ಟ್ರು, ನಾನು, ಇನ್ನು ಕಳಿಸಿಕೊಡಲು ಬಂದ ಬೀದಿಯವರು ಏಳು ಜನ. ವಿಮಾನ ನಿಲ್ದಾಣ ಪೂರ್ವಕ್ಕಿದೆ, ನಾವು ಪಶ್ಚಿಮಕ್ಕೆ ಹೊರಟೆವು. ಪಿಳ್ಳಣ್ಣ ಇದನ್ನು ಎರಡು ಸಲ ಖಾತ್ರಿ ಮಾಡಿಕೊಂಡೇ ಗೇರು ಹಾಕಿದ.

ಇಟ್ಟಮಡುವಿನಲ್ಲಿ ಮಾರಮ್ಮನ ಮನೆಗೆ ಬೀಗ ಹಾಕಿತ್ತು.

ಪಕ್ಕದ ಮನೆಯಾಕೆ ಹೊರಗೆ ಬಂದು ನಿಧಾನವಾಗಿ ವಿಷಯ ಹೇಳಿದಳು. ಸುಬ್ರಹ್ಮಣ್ಯಪುರದಲ್ಲಿ ಮಾರಮ್ಮನ ಮೈದುನನ ಮೊಮ್ಮಗುವಿಗೆ ಇವತ್ತು ನಾಮಕರಣವಂತೆ. ಗಂಟು? ಪ್ರಸ್ಥಾನದ ಗಂಟನ್ನು ದೀಪವಿಲ್ಲದ ಮನೆಯಲ್ಲಿ ಬಿಡಬಾರದು ಎಂದು ಮಾರಮ್ಮ ಅದನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋದಳಂತೆ. ತಂಗಿ ಅಲ್ಲಿಗೇ ಬರುತ್ತಾಳೆ, ನಾಮಕರಣಕ್ಕೂ ಆಯಿತು ಎಂದಳಂತೆ. ಮೇಷ್ಟ್ರು, ಆಕೆ ಮಾಡಿದ್ದು ಶಾಸ್ತ್ರಕ್ಕೆ ಸರಿಯಾಗಿಯೇ ಇದೆ ಎಂದರು. ಆಗ ಬೀದಿಯವರೆಲ್ಲ ಅವರ ಕಡೆ ನೋಡಿದ್ದರಿಂದ ಹೋಗಿ ಟೆಂಪೋದಲ್ಲಿ ಕುಳಿತರು.

ಉತ್ತರಹಳ್ಳಿ ರಸ್ತೆ ಆಗ ರಸ್ತೆ ಅನ್ನಿಸಿಕೊಳ್ಳುವ ಹಾಗಿರಲಿಲ್ಲ. ಎರಡು ಕಡೆ ನಾವು ಇಳಿದು ಟೆಂಪೋ ತಳ್ಳಿದೆವು. ಸುಬ್ರಹ್ಮಣ್ಯಪುರ ಮುಟ್ಟಿದಾಗ ಒಂಬತ್ತೂ ಇಪ್ಪತ್ತು. ಮಾರಮ್ಮ ಬಾಗಿಲಲ್ಲೇ ತಂಗಿಯನ್ನು ತಬ್ಬಿಕೊಂಡು ಅತ್ತಳು, ತಂಗಿಯೂ ಅತ್ತರು. ಅದು ಮುಗಿಯಲು ಹತ್ತು ನಿಮಿಷ. ಆಮೇಲೆ ಗಂಟು ಕೇಳಿದರೆ, ಮಗುವಿನ ಹೆಸರಿನ ಊಟ ಮಾಡದೆ ಯಾರನ್ನೂ ಕಳಿಸುವುದಿಲ್ಲ, ಗಂಟು ದೇವರ ಮುಂದಿದೆ, ದೇವರ ಮುಂದೆ ಎಲೆ ಹಾಕಿದೆ ಎಂದಳು. ಮುನಿಲಕ್ಷ್ಮಮ್ಮ ಒಂದು ತುತ್ತು ಬಾಯಿಗಿಟ್ಟು ಎದ್ದರು. ನಾವು ಹನ್ನೊಂದು ಜನವೂ ಒಂದೇ ತುತ್ತಿಗೆ ಏಳಬೇಕಿತ್ತು. ಒಬ್ಬಟ್ಟು ಬಿಸಿಯಾಗಿತ್ತು, ನಾನು ಸುಳ್ಳು ಹೇಳುವುದಿಲ್ಲ. ಗಂಟು ಕೈಗೆ ಬಂದು ಟೆಂಪೋ ಹೊರಟಾಗ ಹತ್ತು ಗಂಟೆ ಹತ್ತು ನಿಮಿಷ. ಒಂಬತ್ತೂ ಮುಕ್ಕಾಲಿಗೆ ಅಲ್ಲಿರಬೇಕೆಂದು ಟಿಕೆಟ್ಟಿನಲ್ಲೇ ಬರೆದಿತ್ತು.

ಕನಕಪುರ ರಸ್ತೆಗೆ ಬಂದ ಮೇಲೆ ಮೇಷ್ಟ್ರು ಗಡಿಯಾರ ನೋಡಿ ಅದನ್ನು ಜೇಬಿಗೆ ಹಾಕಿಕೊಂಡರು. ಮುನಿಲಕ್ಷ್ಮಮ್ಮ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ನೋಡುತ್ತಾ ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಹಿಂದೆ ತಿರುಗದೆಯೇ, "ಹೋಗ್ಲಿ ಬಿಡ್ರಪ್ಪ. ನನ್ನ ಮಗೂಗೆ ಒಂದು ತಂತಿ ಕೊಟ್ಬಿಡಿ, ದಾರಿ ನೋಡ್ತಿರುತ್ತೆ" ಎಂದರು. ಗೋವಿಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. 

ಗಂಗಯ್ಯ ಮಾತ್ರ ಟೆಂಪೋದ ಸರಳು ಹಿಡಿದು ಎದ್ದುನಿಂತಿದ್ದ. ರಸ್ತೆಯನ್ನು ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದ. ಇಂಥ ಹೊತ್ತಿನಲ್ಲೂ ಇವನಿಗೆ ಅದೇ ಹುಚ್ಚೇ ಎಂದು ನನಗೆ ರೇಗಿಹೋಯಿತು. ಪ್ಯಾಂಟು ಹಿಡಿದು ಜಗ್ಗಿದೆ.

"ಇನ್ನೂ ಬಂದಿಲ್ಲ" ಎಂದ.

ಏನು ಬಂದಿಲ್ಲ ಎಂದು ಮೇಷ್ಟ್ರು ಕೇಳಿದರು. ಬೊಂಬಾಯಿಗೆ ಹೋಗುವ ಬೋಯಿಂಗು ಬೊಂಬಾಯಿಯಿಂದಲೇ ಬರಬೇಕು, ಬಂದು ಜನರನ್ನು ಇಳಿಸಿ, ಎಣ್ಣೆ ಕುಡಿದು, ಅದೇ ವಾಪಸ್ಸು ಹೋಗುವುದು, ಬೇರೆ ವಿಮಾನ ಇಲ್ಲ. ಹತ್ತು ಗಂಟೆಗೆ ಬರಬೇಕಾದ್ದು. ಸುಬ್ರಹ್ಮಣ್ಯಪುರದಲ್ಲಿ ತಾನು ಊಟಕ್ಕೆ ಕೂರಲೇ ಇಲ್ಲ, ಅಂಗಳದಲ್ಲೇ ನಿಂತು ಕಿವಿಗೊಟ್ಟಿದ್ದೆ, ಒಂದು ಆವ್ರೋ ಬಿಟ್ಟರೆ ಬೇರೇನೂ ಹೋಗಿಲ್ಲ ಎಂದ. ಒಂಬತ್ತು ವರ್ಷದಿಂದ ದಿನವೂ ಬರೆದಿದ್ದೇನೆ, ನೆಲಕ್ಕಿಳಿದ ಮೇಲೆ ನಲವತ್ತು ನಿಮಿಷಕ್ಕೆ ಮೊದಲು ಅದು ಎಂದೂ ಎದ್ದದ್ದಿಲ್ಲ ಎಂದೂ ಸೇರಿಸಿದ. ಟೆಂಪೋದಲ್ಲಿದ್ದ ಅಷ್ಟೂ ಜನ ಕತ್ತೆತ್ತಿ ಆಕಾಶ ನೋಡತೊಡಗಿದೆವು. ಪಿಳ್ಳಣ್ಣನೂ ನೋಡಲು ಹೋಗಿ ಒಂದು ಎತ್ತಿನ ಗಾಡಿಯನ್ನು ಸ್ವಲ್ಪದರಲ್ಲಿ ತಪ್ಪಿಸಿದ.

ಸಾರಕ್ಕಿ ದಾಟಿದಾಗ ಸದ್ದು ಕೇಳಿಸಿತು. ಗಂಗಯ್ಯ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಜಯನಗರದ ತೆಂಗಿನ ಮರಗಳ ಆಚೆ, ಚಕ್ರ ಇಳಿಬಿಟ್ಟುಕೊಂಡು, ಹೊಟ್ಟೆ ಹೊಳೆಯಿಸುತ್ತಾ ಬೋಯಿಂಗು ಪಶ್ಚಿಮದಿಂದ ಪೂರ್ವಕ್ಕೆ ನಿಧಾನವಾಗಿ ಇಳಿದುಕೊಂಡು ಹೋಯಿತು.

"ಹತ್ತೂ ಮೂವತ್ತೆಂಟು" ಎಂದ ಗಂಗಯ್ಯ. "ಹನ್ನೊಂದೂ ಇಪ್ಪತ್ತರ ತನಕ ಏಳಲ್ಲ. ಹೊಡಿ ಪಿಳ್ಳಣ್ಣ, ಮುನಿಲಕ್ಷ್ಮಕ್ಕ ಹೋಗ್ತಾರೆ."

ಆವತ್ತು ನನಗೆ ಅವನ ಮೇಲೆ ಬಂದ ಪ್ರೀತಿ ಹೇಳತೀರದು. ಒಂಬತ್ತು ವರ್ಷ ನನ್ನ ಅಂಗಡಿಯ ಮುಂದೆ ಕೊರೆದದ್ದನ್ನೆಲ್ಲ ಆ ನಿಮಿಷ ಮನ್ನಿಸಿಬಿಟ್ಟೆ. ಮೇಷ್ಟ್ರಿಗೆ ಮಾತ್ರ ಸಮಾಧಾನವಿರಲಿಲ್ಲ. ಪೂರ್ವಕ್ಕೆ ಮುಖ ಮಾಡಿ ಇಳಿಯಿತಲ್ಲ, ಹಾಗಾದರೆ ಗಾಳಿ ಎಲ್ಲಿಂದ ಎಂದು ಕೇಳಿದರು. ಪೂರ್ವದಿಂದ ಎಂದ ಗಂಗಯ್ಯ. ಏಳುವುದು? ಅದೂ ಪೂರ್ವಕ್ಕೇ. ಮೇಷ್ಟ್ರು ಮತ್ತೆ ಬೆರಳು ಮಡಿಸಿ ನೋಡಿ, ಶುಕ್ರವಾರ ಪೂರ್ವಕ್ಕೆ ಶೂಲೆಯೇ ಇಲ್ಲವಲ್ಲ, ಗಂಟು ಇಡುವ ಅಗತ್ಯವೇ ಇರಲಿಲ್ಲ ಎಂದರು. ಪಿಳ್ಳಣ್ಣ ಏನೋ ಅಂದದ್ದು ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಕೇಳಿಸದಿದ್ದದ್ದೇ ಒಳ್ಳೆಯದಾಯಿತು.

ಇನ್ನೊಂದು ತೊಡಕು ಬಂತು. ಹತ್ತಿರದ ದಾರಿ ಸುದ್ದಗುಂಟೆಪಾಳ್ಯದ ಮೇಲೇ, ಮುನಿಲಕ್ಷ್ಮಮ್ಮನ ಮನೆಯ ಮುಂದೆಯೇ. ಪ್ರಸ್ಥಾನ ಎತ್ತಿದ ಮೇಲೆ ಸ್ವಂತ ಮನೆಯನ್ನು ತಿರುಗಿ ನೋಡಬಾರದು, ಸುತ್ತಿಕೊಂಡು ಹೋಗಬೇಕು ಎಂದು ಮೇಷ್ಟ್ರು ಹಟ ಹಿಡಿದರು. ಸುತ್ತಿದರೆ ಇಪ್ಪತ್ತು ನಿಮಿಷ ಹೆಚ್ಚು. ಮುನಿಲಕ್ಷ್ಮಮ್ಮ, ನೋಡಬಾರದು ತಾನೇ ಎಂದವರೇ ಸೆರಗನ್ನು ಮುಖದ ತುಂಬ ಎಳೆದುಕೊಂಡು ಕೂತುಬಿಟ್ಟರು. ಅವರ ಮನೆ ದಾಟುವಾಗ ಎಮ್ಮೆ ಕೂಗಿತು. ಸೆರಗಿನ ಒಳಗಿನಿಂದಲೇ, "ಗೋವಿಂದಿ, ಅದಕ್ಕೆ ನೀರು ಇಟ್ಟಿಲ್ಲ ನೀನು" ಎಂದರು.

ಹನ್ನೊಂದು ಗಂಟೆ ಆರು ನಿಮಿಷಕ್ಕೆ ಟೆಂಪೋ ವಿಮಾನ ನಿಲ್ದಾಣದ ಮುಂದೆ ನಿಂತಿತು. ಗಂಗಯ್ಯ ಟ್ರಂಕು ಹೊತ್ತುಕೊಂಡು ಓಡಿದ. ಕೌಂಟರಿನಲ್ಲಿದ್ದ ಟೈ ಕಟ್ಟಿದ ಅಧಿಕಾರಿ ಟ್ರಂಕು, ಚೀಲ ತೂಗಿಸಿ, ಇಪ್ಪತ್ತು ಕಿಲೋಗೆ ಮಾತ್ರ ಬಿಡುತ್ತೇವೆ, ಇದು ಇಪ್ಪತ್ತೊಂಬತ್ತಿದೆ, ಏನಿದೆಯಮ್ಮಾ ಇದರಲ್ಲಿ ಎಂದರು. ಮುನಿಲಕ್ಷ್ಮಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂತು ಟ್ರಂಕು ತೆಗೆದು ಒಂದೊಂದಾಗಿ ತೋರಿಸಿದರು. ಬಾಣಂತಿ ಖಾರ, ಒಣಶುಂಠಿ, ಬೆಳ್ಳುಳ್ಳಿ, ಅಂಟು, ಕೊಬ್ಬರಿ, ಒಂದು ಸೀಸೆ ಹರಳೆಣ್ಣೆ, ಮಗುವಿಗೆ ಬಜೆ ತೇಯುವ ಕಲ್ಲು, ಒಗೆದೊಗೆದು ಮೆತ್ತಗಾದ ಹಳೆಯ ಸೀರೆಗಳು. ಇದರಲ್ಲಿ ಯಾವುದು ಬೇಡ ಅಂತ ನೀವೇ ತೆಗೆದುಬಿಡಿ ಸಾಮಿ ಎಂದರು. ಅಧಿಕಾರಿ ಬಗ್ಗಿ ಆ ಕಲ್ಲನ್ನು ಕೈಗೆತ್ತಿಕೊಂಡು ನೋಡಿದರು. ಮನೆಯಲ್ಲಿ ಅವರಿಗೂ ಯಾವಾಗಲೋ ಇಂಥದ್ದು ಬಂದಿದ್ದಿರಬೇಕು. ಅದನ್ನು ವಾಪಸ್ಸು ಟ್ರಂಕಿನಲ್ಲಿಟ್ಟು, ಚೀಟಿಯಲ್ಲಿ ಇಪ್ಪತ್ತು ಎಂದು ಬರೆದರು.

ಒಳಗೆ ಹೋಗುವ ಬಾಗಿಲ ಹತ್ತಿರ ನಮ್ಮನ್ನೆಲ್ಲ ತಡೆದರು. ಗಾಜಿನ ಆಚೆ ವಿಮಾನ ನಿಂತಿತ್ತು, ಜನ ಬಿಸಿಲಿನಲ್ಲಿ ನಡೆದುಕೊಂಡು ಹೋಗಿ ಮೆಟ್ಟಿಲು ಹತ್ತುತ್ತಿದ್ದರು. ಅಷ್ಟು ಹತ್ತಿರದಿಂದ ಅದನ್ನು ನೋಡಿದ ಮೇಲೆ ಮುನಿಲಕ್ಷ್ಮಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ಗಂಗಯ್ಯನ ಕೈ ಹಿಡಿದುಕೊಂಡರು.

"ಗಂಗಯ್ಯ, ನಿಜ ಹೇಳು. ನೀನು ಇದರಲ್ಲಿ ಹೋಗಿ ಬಂದಿದ್ದೀಯ ತಾನೇ?"

ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಹೋಗಿ ಬಂದಿದ್ದೀನಿ ಅಕ್ಕಯ್ಯ. ಏನೂ ಆಗಲ್ಲ" ಎಂದ. ಐದು ವರ್ಷದಲ್ಲಿ ಅವನು ಆ ಸುಳ್ಳನ್ನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.  ಮುನಿಲಕ್ಷ್ಮಮ್ಮ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವನ ಕೆನ್ನೆ ಸವರಿ, ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡು, ಬಿಸಿಲಿನಲ್ಲಿ ನಡೆದುಹೋದರು.

ಮೂರನೆಯ ದಿನ ಸಂಘಕ್ಕೆ ತಂತಿ ಬಂತು. ಹೆಣ್ಣು ಮಗು, ತಾಯಿ ಮಗು ಕ್ಷೇಮ, ಅವ್ವ ಜೊತೆಗಿದ್ದಾಳೆ. ಗಂಗಯ್ಯ ಅದನ್ನು ಸಕ್ಕರೆಯ ಕ್ಯೂನಲ್ಲಿದ್ದವರಿಗೆಲ್ಲ ಓದಿ ಹೇಳಿ, ಅವತ್ತು ಚೀಟಿಗಳನ್ನು ತಪ್ಪು ತಪ್ಪಾಗಿ ಬರೆದನಂತೆ.

ಆಗಸ್ಟಿನಲ್ಲಿ ಮುನಿಲಕ್ಷ್ಮಮ್ಮ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ರೈಲಿನಲ್ಲಿ ಬಂದರು. ಸಂಜೆ ಬೀದಿಯೆಲ್ಲ ಅವರ ಜಗಲಿಯ ಮೇಲೆ ಸೇರಿತು. ಗೋವಿಂದಮ್ಮ ಬೋಂಡ ಮಾಡಿ ತಂದಿದ್ದಳು. ಗಂಗಯ್ಯ ಮಾತ್ರ ಕಂಬದ ಹಿಂದೆ, ತಪ್ಪು ಮಾಡಿದ ಹುಡುಗನ ಹಾಗೆ ಕುಳಿತಿದ್ದ. ಇವತ್ತು ತನ್ನ ಬಣ್ಣ ಬಯಲಾಗುತ್ತದೆ ಎಂದು ಅವನಿಗೆ ಖಂಡಿತವಾಗಿತ್ತು, ನನಗೂ.

ವಿಮಾನ ಹೇಗಿತ್ತು ಎಂದು ಎಲ್ಲರೂ ಕೇಳಿದರು. "ಎಲ್ಲಾ ಗಂಗಯ್ಯ ಹೇಳ್ದಂಗೇ ಇತ್ತು" ಎಂದು ಮುನಿಲಕ್ಷ್ಮಮ್ಮ ಶುರು ಮಾಡಿದರು. ಸೊಂಟದ ಪಟ್ಟಿಗೆ ಗಂಟು ಗಿಂಟು ಏನೂ ಇಲ್ಲ, ಒಂದು ಕೊಕ್ಕೆ, ಒಂದರೊಳಗೆ ಒಂದು ತಳ್ಳಿದರೆ ಟಕ್ ಎಂದು ಕೂರುತ್ತದೆ, ಗಂಗಯ್ಯ ಹೇಳಿದ ಹಾಗೇ. ಗಂಡಸರು ಹೆಂಗಸರು ಎಲ್ಲ ಒಟ್ಟಿಗೇ ಕೂರುವುದು, ಅದೂ ಅವನು ಹೇಳಿದ ಹಾಗೇ. ಹಿಂದುಗಡೆ ಪುಟ್ಟದೊಂದು ಕಕ್ಕಸಿದೆ, ಕನ್ನಡಿ ಬೇರೆ. ಮೇಷ್ಟ್ರು ತಡೆಯಲಾರದೆ, ಇವನು ಇಲ್ಲ ಅಂದಿದ್ದನಲ್ಲಮ್ಮಾ, ನಾನೇ ಕೇಳಿದ್ದೇನೆ ಎಂದರು.

"ನಿಮಗೆ ಹೇಳಿದ್ದು ಬೇರೆ ಮೇಷ್ಟ್ರೇ, ನಂಗೆ ಹೇಳಿದ್ದು ಬೇರೆ" ಎಂದುಬಿಟ್ಟರು ಮುನಿಲಕ್ಷ್ಮಮ್ಮ.

ಆಮೇಲೆ ಅವರು ನಮ್ಮ ಯಾರ ಕಡೆಗೂ ನೋಡದೆ ಕಂಬದ ಕಡೆಗೇ ತಿರುಗಿ ನಿಧಾನವಾಗಿ ಹೇಳತೊಡಗಿದರು. ಓಡುವಾಗ ಯಾರೋ ಎದೆಯ ಮೇಲೆ ಅಂಗೈ ಇಟ್ಟು ಹಿಂದಕ್ಕೆ ಒತ್ತಿದ ಹಾಗಾಗುತ್ತದೆ. ನೆಲ ಬಿಟ್ಟದ್ದು ಹೇಗೆ ತಿಳಿಯುತ್ತದೆಂದರೆ, ಚಕ್ರದ ಗಡಗಡ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತದೆ. ಕಿವಿ ಮುಚ್ಚಿಕೊಳ್ಳುತ್ತದೆ, ಎಂಜಲು ನುಂಗಿದರೆ ಬಿಡುತ್ತದೆ. ಒಂದು ಕಡೆ ವಾಲಿದಾಗ ಕೆರೆಗಳು ಹಂಚಿಟ್ಟ ತಟ್ಟೆಗಳಷ್ಟೇ ಕಾಣುತ್ತವೆ. ಮೋಡದ ಒಳಗೆ ಏನೂ ಕಾಣುವುದಿಲ್ಲ, ಮೇಲೆ ಬಂದರೆ ಬಿಸಿಲೋ ಬಿಸಿಲು. ಕಂಬದ ಹಿಂದಿದ್ದ ಗಂಗಯ್ಯ ಒಂದೊಂದೇ ಗೇಣು ಮುಂದಕ್ಕೆ ಜರುಗಿದ್ದ. ಬಾಯಿ ತೆರೆದಿತ್ತು. ಬೀದಿ, ಜಗಲಿ, ಮೇಷ್ಟ್ರು, ಐದು ವರ್ಷದ ಸುಳ್ಳು, ಯಾವುದರ ನೆನಪೂ ಅವನಿಗಿದ್ದ ಹಾಗೆ ಕಾಣಲಿಲ್ಲ.

"ರೆಕ್ಕೆ?" ಎಂದ. "ಮೇಲೆ ಹೋದಾಗ ರೆಕ್ಕೆ ತುದಿ ಮೇಲೆ ಕೆಳಗೆ ಆಡುತ್ತಂತಲ್ಲ ಅಕ್ಕಯ್ಯ? ಒಳಗಿಂದ ಕಾಣ್ತಾ?"

 ಹತ್ತಿ ಇಳಿದವನು ಕೇಳುವ ಪ್ರಶ್ನೆ ಅದಲ್ಲ ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿಯಿತು. ಮೇಷ್ಟ್ರು ಬಾಯಿ ತೆರೆದರು. ಗೋವಿಂದಮ್ಮ ಬೋಂಡದ ತಟ್ಟೆಯನ್ನು ಅವರ ಮುಂದೆ ಹಿಡಿದಳು. ಅವರು ಅವಳ ಮುಖ ನೋಡಿ, ಒಂದು ತೆಗೆದುಕೊಂಡು, ಸುಮ್ಮನೆ ತಿನ್ನತೊಡಗಿದರು. ಪಿಳ್ಳಣ್ಣ ಬೀದಿಯ ಕಡೆ ತಿರುಗಿಕೊಂಡ.

ಮುನಿಲಕ್ಷ್ಮಮ್ಮ ಮಗುವನ್ನು ಮಗಳ ತೊಡೆಗೆ ಕೊಟ್ಟು, ಪಕ್ಕದಲ್ಲಿ ಜಾಗ ಸವರಿದರು.

"ಬಾ, ಇಲ್ಲಿ ಕೂತ್ಕೋ. ಇದು ನಿನ್ನ ಸೀಟು ಅಂತಿಟ್ಕೋ. ಕಿಟಕಿ ಇಲ್ಲಿ. ರೆಕ್ಕೆ ಇಲ್ಲಿಂದ ಹೋಗುತ್ತೆ."

ಗಂಗಯ್ಯ ಹೋಗಿ ಕುಳಿತ. ಮುನಿಲಕ್ಷ್ಮಮ್ಮ ತಮ್ಮ ಬಲಗೈಯನ್ನು ಪೂರ್ತಿ ಚಾಚಿ ಹಿಡಿದರು. ಹಾಲು ಕರೆದು ಕರೆದು ಗಂಟುಗಟ್ಟಿದ ಬೆರಳುಗಳು ಮೇಲೆ ಕೆಳಗೆ, ಮೇಲೆ ಕೆಳಗೆ ಸಣ್ಣಗೆ ಆಡಿದವು. ಗಂಗಯ್ಯ ಆ ಕೈಯ ತುದಿಯನ್ನೇ ನೋಡುತ್ತಾ ಕುಳಿತಿದ್ದ.